ಮಾಣಿಕಬಾಯಿಯ ಕಾರ್ಡು

ಗಂಡನ ಹೆಸರು ಬಾಯಿಲೆ ತಗೀಬಾರದು ಅನ್ನೋ ರಿವಾಜ ಯಾರು ಹಚ್ಚಿದ್ರೋ ಏನೋ, ಅವರು ಒಮ್ಮಿ ನನ್ನಂಗ ಸಮುದ್ರದ ದಂಡಿಗುಂಟ ಎರಡು ದಿನ ನಡದು ಗಂಡನ್ನ ಹುಡುಕಬೇಕಿತ್ತು. ಕಂಡಕಂಡವರ ಮುಂದ ಆ ಹೆಸರು ಹೇಳಿ ಕೇಳಾಂವ ನಮ್ಮ ಮೈದುನ ದಿಗಂಬರ. ನಾ ಸೆರಗು ಮೂಗಿಗೆ ಹಿಡಕೊಂಡು ಹಿಂದ ನಿಂದರಾಕಿ. ಅಂವಾ ಏನು ಕೇಳ್ತಾನೋ, ಅವರು ಏನು ಹೇಳ್ತಾರೋ, ನನಗ ಬಂದು ಏನು ಮುಟ್ಟಿಸ್ತಾನೋ, ಎಲ್ಲಾ ಅವನ ಮರ್ಜಿ.

ನಮ್ಮದು ಉದಗೀರದಾಗ ಕಿರಾಣಿ ಅಂಗಡಿ. ಪೋಲೀಸ್ ಆ್ಯಕ್ಷನ್ ಆಗಿ ನಿಜಾಮನ ಸುಂಕದ ನಾಕಾ ಎದ್ದು ಹೋದ ಮ್ಯಾಲ ನಮ್ಮವರು, ‘ಇನ್ನ ಕೊಬ್ಬರಿ ನಾವೇ ಕೊಂಕಣದಿಂದ ತರೋಣು’ ಅಂತ ಹೊಂಟ್ರು. ತಿಂಗಳಾದ ಮ್ಯಾಲ ಒಂದು ಕಾರ್ಡು ಬಂತು. ಮರಾಠ್ಯಾಗಿತ್ತು; ನಮ್ಮ ಊರಾಗ ಆ ಮಾತು ಎಲ್ಲರಿಗೂ ಬರ್ತದ. ದಿಗಂಬರ ಅಂಗಡಿ ಕಟ್ಟಿ ಮ್ಯಾಲ ನಿಂತು ಓಣಿಗೆಲ್ಲ ಕೇಳೂವಂಗ ಓದಿದ: ‘ವೀರಭದ್ರಪ್ಪಾ ಭರತೀತ ಗೇಲೇ. ಸಾಮಾನ ಇಥೇ ಆಹೇ.’

‘ವೈನಿ, ಅಣ್ಣ ಪೋಲೀಸ್ ಭರತಿಗೆ ಹೋಗ್ಯಾನ್ರೀ! ಸಾಮಾನು ಇಲ್ಲೇ ಅದ, ಬಂದು ಒಯ್ರಿ ಅಂತಾರ’ ಅಂದ. ಆವಾಗ ನಮ್ಮ ಕಡಿ ಎಲ್ಲಿ ನೋಡಿದ್ರೂ ಪೋಲೀಸಿಗೆ ಮಂದಿ ತಗೊಳ್ಳೂ ಭರತಿ ಸುದ್ದಿ. ಓಣ್ಯಾಗಿನ ಗಂಡಸರು ದಿನಾ ಹೋಗಿ ಎದಿ ಅಳತಿ ಕೊಟ್ಟು ಬರ್ತಿದ್ರು. ನಮ್ಮವರಿಗೂ ಆ ಹುಚ್ಚು ಇತ್ತು. ಉದಗೀರದಾಗ ಅರ್ಧಾ ಇಂಚು ಎದಿ ಕಡಿಮಿ ಬಿತ್ತು ಅಂತ ವಾಪಸ್ ಕಳಿಸಿದ್ರು.

ಎಲ್ಲಾ ಖರೇ. ಕಾರ್ಡಿನ ಕೆಳಗ ಸಹಿ ಮಾತ್ರ ‘ಮಾಣಿಕಬಾಯಿ’ ಅಂತಿತ್ತು. ಯಾರಾಕಿ ಮಾಣಿಕಬಾಯಿ? ನಮ್ಮವರ ಸಾಮಾನು ಆಕಿ ಮನ್ಯಾಗ ಯಾಕ?

ನನಗ ಸಿಟ್ಟು ನೆತ್ತಿಗೇರಿತು. ‘ಸಾಮಾನು ಆಕೀನೇ ಇಟ್ಕೊಳ್ಳಲಿ, ಯಾರೂ ಹೋಗೂದು ಬ್ಯಾಡ’ ಅಂದೆ. ಆ ಮ್ಯಾಲ ಮೂರು ವರ್ಷ ಒಂದು ಕಾರ್ಡಿಲ್ಲ, ಒಂದು ಖಬರಿಲ್ಲ. ಎಂಥಾ ಪೋಲೀಸಿನವಗೂ ಹೆಂಡ್ತಿಗೆ ನಾಕು ಅಕ್ಷರ ಬರೀಲಿಕ್ಕ ಪುರಸೊತ್ತು ಇರ್ತದ. ದಿನಾ ಲಿಂಗಪೂಜಿ ಮುಗಿಸಿ ಏಳೂದು, ಆ ಮಾಣಿಕಬಾಯಿಗೆ ಒಂದು ಶಾಪಾ ಹಾಕೂದು, ಇದೇ ನನ್ನ ಕೆಲಸ ಆತು. ಈ ವರ್ಷ ಮಗನ ಲಿಂಗದೀಕ್ಷಿ ಬಂತು. ಅಪ್ಪ ಮುಂದ ಕುಂದ್ರಬೇಕಲ್ಲ? ‘ನಡಿ ದಿಗಂಬರ, ನಿಮ್ಮಣ್ಣನ ಕೊರಳಪಟ್ಟಿ ಹಿಡದು ತರೋಣು’ ಅಂದೆ.

ಹಂಗ ಈ ದಂಡಿಗೆ ಬಂದ್ವಿ. ಮಾಲವಣದಿಂದ ಮುಂದ ಬಸ್ಸಿಲ್ಲ, ಗಾಡಿಲ್ಲ. ಕಾರ್ಡಿನ ಮ್ಯಾಲಿನ ತಾರವಾಡಿ ಊರಿಗೆ ಎರಡು ದಿನದ ಹಾದಿ. ಹಾದಿ ಅಂದ್ರ ಉಸುಕು. ಏರಿಲ್ಲ ಇಳುವಿಲ್ಲ, ರೊಟ್ಟಿ ತಟ್ಟಿಟ್ಟಂಗ ಸಪಾಟ. ಕಾಲಿಟ್ರ ಹೂಳ್ತದ, ತಗದ್ರ ಜಗ್ತದ. ಊರು ಬಂತಂದ್ರ ತೆಂಗು, ಬಲಿ, ಬಿಸಿಲಿಗೆ ಹಾಕಿದ ಮೀನು. ಅಯ್ಯ ಶಿವನ, ಆ ನಾತ! ನಮ್ಮ ರೊಟ್ಟಿ ಗಂಟು ಬಿಚ್ಚಿ ತಿನ್ನಲಿಕ್ಕ ಊರು ದಾಟಿ ಗಾಳಿ ನೋಡಿ ಕುಂದ್ರಬೇಕಾಗ್ತಿತ್ತು. ಬಾಗಲಾಗ ನಿಂತ ಹೆಣ್ಣುಮಕ್ಕಳನ್ನೆಲ್ಲ ನಾ ಅಡಿಯಿಂದ ಮುಡಿತನಕ ನೋಡ್ತಿದ್ದೆ. ಕಂಕುಳಾಗ ಕೂಸಿದ್ರ ಅದರ ಮೂಗು ನೋಡ್ತಿದ್ದೆ.

ಮೊದಲನೇ ದಿನ ಇಳಿಹೊತ್ತಿಗೆ ಒಬ್ಬ ದೋಣಿಯವನ ಹತ್ರ ದಿಗಂಬರ ಕೇಳಲಿಕ್ಕ ಹೋದ. ಅಂವಾ ಸಮುದ್ರದ ಕಡಿ ಕೈ ಮಾಡಿ ಏನೋ ಹೇಳಿದ. ದಿಗಂಬರ ಕಿಸೆದಾಗಿಂದ ಕಾರ್ಡು ತಗದು ತೋರಿಸಿದ. ದೋಣಿಯವ ಓದಿ ತಲಿ ಮ್ಯಾಲಿನ ಟೊಪ್ಪಿಗಿ ತಗದ. ನಾ ದೂರದಿಂದ ಎಲ್ಲಾ ನೋಡಿದೆ.

‘ಏನಂದ?’

‘ಏನಿಲ್ರೀ ವೈನಿ. ಅವಗೇನೂ ಮಾಲೂಮಿಲ್ಲಂತ.’

ಮಾಲೂಮಿಲ್ಲದಾಂವ ಟೊಪ್ಪಿಗಿ ಯಾಕ ತಗದ? ಅವತ್ತು ಗುಡಿ ಕಟ್ಟಿ ಮ್ಯಾಲ ಇಳಕೊಂಡ್ವಿ. ದಿಗಂಬರ ರೊಟ್ಟಿ ಮುಟ್ಟಲಿಲ್ಲ. ಮುಂಜಾನೆದ್ದು, ‘ವಾಪಸ್ ಹೋಗೋಣ್ರೀ ವೈನಿ, ಮುಂದ ಹಾದಿ ಖರಾಬ ಅದ’ ಅಂದ. ನನಗ ಖಾತ್ರಿ ಆತು. ಅಣ್ಣ ತಮ್ಮ ಕೂಡಿ ಆಟಾ ಹೂಡ್ಯಾರ! ಅಂವಾ ಇಲ್ಲೇ ಎಲ್ಲೋ ಸಂಸಾರ ಹೂಡಿ ಆರಾಮ ಕುಂತಾನ, ಇವಗ ಎಲ್ಲಾ ಗೊತ್ತದ.

‘ನಿಮ್ಮಣ್ಣನ ಪಾಪ ಮುಚ್ಚಲಿಕ್ಕ ನಿಂತಿದಿ ಏನಲೇ? ನೀ ಬ್ಯಾಡಂದ್ರ ನಾ ಒಬ್ಬಾಕೀನೇ ಹೋಗ್ತೀನಿ’ ಅಂದೆ. ಅಂವಾ ಗಂಟು ಹೊತ್ಕೊಂಡ. ನನ್ನ ಹಿಂದ ಬಂದ.

ಉಸುಕು ಮುಗದು ಜವುಳು ನೆಲ ಹತ್ತಿತು. ಮೊಣಕಾಲು ಮಟ ಹುಲ್ಲು, ಕರಿ ರಾಡಿ. ಮುಂದ ಒಂದು ಖಾಡಿ, ಅಂದ್ರ ಸಮುದ್ರ ಒಳಗ ಬಂದ ಜಾಗಾ. ಆಚಿ ದಂಡಿಗೆ ತಾರವಾಡಿ ಮನಿಗೋಳು ಕಾಣ್ತಿದ್ವು. ನಡುವ ನೀರು ಪಾದ ಮುಳುಗುವಷ್ಟೇ. ನಾ ಸೀರಿ ಎತ್ತಿ ಕಟ್ಟಿ ನಾಕು ಹೆಜ್ಜಿ ಇಟ್ಟಿದ್ದೆ. ಹಿಂದಿಂದ ಮೀನಬುಟ್ಟಿ ಹೊತ್ತ ಹೆಂಗಸೊಬ್ಬಾಕಿ ಚೀರಿದಳು: ‘ಬಾಯೀ, ಥಾಂಬಾ! ಭರತೀ ಯೇತೇ!’

ಭರತಿ! ನಿಂದರು, ಭರತಿ ಬರ್ತದ ಅಂದ್ಲಲ್ಲ! ಸೆರಗು ಸರಿ ಮಾಡ್ಕೊಂಡು ಪೋಲೀಸಿನವರು ಎಲ್ಲಿ ಅಂತ ನಾಕೂ ಕಡಿ ನೋಡಿದೆ. ಹಾದಿಮ್ಯಾಲ ಒಂದು ಪಿಳ್ಳಿ ಇಲ್ಲ. ಆಕಿ ಓಡಿ ಬಂದು ನನ್ನ ರಟ್ಟಿ ಹಿಡದು ದಂಡಿಗೆ ಜಗ್ಗಿದಳು.

‘ಎಲ್ಲಿ ಭರತಿ?’

‘ಅದೇನು ಕಾಣವಲ್ದೇನು?’ ಅಂತ ಆಕಿ ನೀರಿನ ಕಡಿ ಕೈ ಮಾಡಿದಳು. ‘ಸಮುದ್ರ ಏರ್ತದಲ್ಲ, ಅದೇ ಭರತಿ. ದಿನಾ ಎರಡು ಸಲ ಬರ್ತದ.’

ನಾ ಈಗಿನ್ನ ಹೆಜ್ಜಿ ಇಟ್ಟ ಜಾಗಾ ನೋಡಿದೆ. ಹೆಜ್ಜಿ ಇರಲಿಲ್ಲ. ಪಾದದಷ್ಟಿದ್ದ ನೀರು ನೋಡನೋಡೂದ್ರಾಗ ಮೊಣಕಾಲುದ್ದ ಆತು, ಟೊಂಕದುದ್ದ ಆತು. ಭರತೀತ ಗೇಲೇ. ಮರಾಠ್ಯಾಗ ಸತ್ತವರಿಗೂ ಗೇಲೇ ಅಂತಾರ. ನಾವೂ ಹೋದ್ರು ಅಂತೀವಲ್ಲ?

ತಿರುಗಿ ನೋಡಿದ್ರ ದಿಗಂಬರ ರಾಡ್ಯಾಗ ಕುಂತು ಕೂಸಿನಂಗ ಅಳ್ತಿದ್ದ. ‘ನಿನ್ನೆ ದೋಣಿಯವ ಹೇಳಿದಾಗೇ ತಿಳೀತ್ರೀ ವೈನಿ. ಓಣಿಗೆಲ್ಲ ಓದಿ ಹೇಳಿದಾಂವ ನಾನೇ ಅಲ್ಲೇನ್ರೀ? ಹ್ಯಾಂಗ ಬಾಯಿ ಬಿಡ್ಲಿ?’ ಅಂದ. ಹೊಡೀಬೇಕಂತ ಕೈ ಎತ್ತಿದೆ. ಎತ್ತಿದ ಕೈ ಅವನ ತಲಿ ಮ್ಯಾಲ ಇಟ್ಟು ನಾನೂ ಕುಂತೆ. ನೀರು ಇಳಿಯೂತನಕ ಅಲ್ಲೇ ಕುಂತು ಅತ್ವಿ.

ತಾರವಾಡ್ಯಾಗ ಮೊದಲನೇ ಮನಿ. ಹಲ್ಲಿಲ್ಲದ ಮುದುಕಿ ಒಬ್ಬಾಕಿ ಬಲಿ ಹೊಲೀತಿದ್ದಳು. ದಿಗಂಬರ ಅಂಗಳದಾಗೇ ನಿಂತುಬಿಟ್ಟ. ಜನ್ಮದಾಗ ಮೊದಲ ಸಲ ನಾನೇ ಬಾಯಿ ತಗದೆ: ‘ವೀರಭದ್ರಪ್ಪ. ಉದಗೀರದ ವೀರಭದ್ರಪ್ಪನ ಮನ್ಯಾಕಿ ನಾನು.’

ಮುದುಕಿ ಸೂಜಿ ಕೆಳಗಿಟ್ಟಳು. ‘ಈಗ ಬಂದ್ಯಾ?’ ಅಂದಳು. ಆಕೀನೇ ಕಾರ್ಡು ಬರಸಿದ ಮಾಣಿಕಬಾಯಿ. ನಮ್ಮವರು ಆಕಿ ಪಡಸಾಲ್ಯಾಗ ಇಳಕೊಂಡಿದ್ರಂತ. ಕೊರಳಾಗಿನ ಲಿಂಗ ನೋಡಿ, ಇಂಥವರಿಗೆ ಸುಡೂದಿಲ್ಲ ಅಂತ ಒಬ್ಬ ಕೊಲ್ಹಾಪುರದ ವ್ಯಾಪಾರಿ ಹೇಳಿದ್ದಕ್ಕ ಉಸುಕಿನ ದಿಬ್ಬದ ಮ್ಯಾಲ ಮಣ್ಣು ಮಾಡ್ಯಾರ. ಅಲ್ಲಿ ಆಕಿ ಮೂರು ವರ್ಷದಿಂದ ಸೋಮವಾರಕ್ಕೊಮ್ಮಿ ದೀಪಾ ಹಚ್ತಾಳ. ನಾ ದಿನಾ ಶಾಪಾ ಹಾಕಿದ್ದು ಈಕಿಗೆ.

ಮಾಣಿಕಬಾಯಿ ನನ್ನನ್ನ ಕೆಟ್ಟ ಕಣ್ಣಿಲೆ ನೋಡ್ಕೋತ ಕೇಳಿದಳು: ‘ಖರೇ ಹೇಳು. ನೀ ಅವಗ ಮನ್ಯಾಗ ಏನು ಕಾಟಾ ಕೊಟ್ಟಿದ್ದಿ? ಖಾಡಿಗೆ ಇಳೀಬ್ಯಾಡಪಾ, ಭರತಿ ಬರಲಿಕ್ಹತ್ತದ ಅಂತ ನಾ ಕೂಗಿ ಕೂಗಿ ಹೇಳಿದೆ. ಕೇಳಿ ನಕ್ಕ. ಎದಿ ಉಬ್ಬಿಸಿ ತೋರಿಸಿ, “ಬರ್ಲಿ ಅಜ್ಜಿ, ಈ ಸಲ ನನ್ನ ತಗೊಂಡೇ ತಗೋತಾರ” ಅಂದು ಇಳದೇ ಬಿಟ್ಟ. ಬಾಳಿಗೆ ಬ್ಯಾಸತ್ತವನೇ ಹಂಗ ಹೋಗ್ತಾನ. ನಿನ್ನ ಮ್ಯಾಲ ನನಗ ಅವತ್ತಿಂದ ಶಕ್ ಅದ.’

ನಾ ಆಕಿ ಕಾಲು ಹಿಡಕೊಂಡೆ. ‘ನಮ್ಮೂರಾಗ ನೀರು ಬಾವ್ಯಾಗ ಇರ್ತದಬೇ ಅಜ್ಜಿ’ ಅಂದೆ. ‘ಅದು ಬರೂದಿಲ್ಲ, ಹೋಗೂದಿಲ್ಲ. ನಮಗ ಭರತಿ ಅಂದ್ರ ಪೋಲೀಸ್ ಭರತಿ ಒಂದೇ ಗೊತ್ತು.’