ಹರಿಗೋಲಿನ ಚೀಟಿ

"ಇದು ಇರಾಕಿನದಲ್ಲ," ಎಂದು ಓಬಳೇಶ ಮೂರನೆಯ ಸಲ ಹೇಳಿದ.

ಸಂಗ್ರಹಾಲಯದ ಹೆಂಗಸು ಹಗ್ಗದ ಬೇಲಿಯಾಚೆಯ ಹರಿಗೋಲನ್ನೂ ಅದರ ಮುಂದಿನ ಚೀಟಿಯನ್ನೂ ನೋಡಿದಳು. 'ಬುಟ್ಟಿದೋಣಿ, ಇರಾಕ್. ಕಟ್ಟಿದವರು ತಿಳಿದಿಲ್ಲ.' ಯಾವನೋ ನಾವಿಕ ತಂದುಕೊಟ್ಟದ್ದಂತೆ.

ಹರಪನಹಳ್ಳಿ ಕಾಲೇಜಿನ ಇತಿಹಾಸದ ಮೇಷ್ಟ್ರುಗಳಾದ ಓಬಳೇಶ, ವೀರಭದ್ರಯ್ಯ ಇಬ್ಬರೂ ಗ್ರೀಸಿನ ಈ ದ್ವೀಪಕ್ಕೆ ಬಂದದ್ದು ವಿಚಾರಸಂಕಿರಣಕ್ಕೆ. ಅದು ನಿನ್ನೆಗೇ ಮುಗಿದಿತ್ತು. ಇವತ್ತು ಬೆಳಗಿನಿಂದ ಬರೀ ನೌಕಾ ಸಂಗ್ರಹಾಲಯಗಳು, ಇದು ಮೂರನೆಯದು. ಫಿರಂಗಿ, ಲಂಗರು, ಸತ್ತ ಕಪ್ತಾನರ ಮೀಸೆ ನೋಡಿ ನೋಡಿ ವೀರಭದ್ರಯ್ಯನಿಗೆ ಸಾಕುಬೇಕಾಗಿತ್ತು.

"ಬಿಡ್ರಿ ಸರ, ಯಾವೂರಂದಾದ್ರ ನಮಗೇನು? ನಾಕಕ್ಕ ಹಡಗ ಐತಿ."

"ಚೀಟಿ ಬದಲಾಗೂತನ ನಾ ಬರಂಗಿಲ್ಲ."

ತನ್ನ ಹಟಕ್ಕೆ ಓಬಳೇಶನಿಗೇ ಆಶ್ಚರ್ಯವಾಯಿತು. ಹರಿಗೋಲಿನ ಅಂಚಿನ ಬಿದಿರಿಗೆ ಚರ್ಮದ ಪಟ್ಟಿ ಸುತ್ತಿ ಗಂಟು ಹಾಕಿದ್ದರು: ಎರಡು ಒತ್ತೊತ್ತಾಗಿ, ಒಂದು ದೂರ. ಮಾಗಳದ ತುಂಗಭದ್ರಾ ದಂಡೆಯಲ್ಲಿ ಹಾಗೆ ಕಟ್ಟುತ್ತಿದ್ದವನು ಒಬ್ಬನೇ, ಅಂಬಿಗರ ಬೊಮ್ಮಪ್ಪ. ಓಬಳೇಶನ ಅಪ್ಪ. ಸತ್ತು ಎಂಟು ವರ್ಷವಾಗಿತ್ತು.

ಕಾಲೇಜಿನವರ ಮಟ್ಟಿಗೆ ಆ ಅಪ್ಪ ಇರಲೇ ಇಲ್ಲ. ಹದಿನಾರು ವರ್ಷದಿಂದ ಅಲ್ಲಿದ್ದವರು ಹಡಗಲಿಯಲ್ಲಿ ಮಲ್ಲಿಗೆ ತೋಟವಿದ್ದ ಇನ್ನೊಬ್ಬ ಅಪ್ಪ. ಸೇರಿದ ಮೊದಲ ದಿನ ಅಪ್ಪ ಏನು ಮಾಡುತ್ತಾರೆಂದು ಯಾರೋ ಕೇಳಿದ್ದರು, ನಾಚಿಕೆಯಾಗಿ ಇವನು ಹಾಗೆ ಹೇಳಿಬಿಟ್ಟಿದ್ದ. ಆಮೇಲೆ ಆ ಸುಳ್ಳಿಗೆ ನೀರು ಹಾಕುವುದೇ ಒಂದು ಉದ್ಯೋಗವಾಯಿತು.

"ನಿಮಗೆ ಹೇಗೆ ಗೊತ್ತು?" ಹೆಂಗಸು ಇಂಗ್ಲಿಷಿನಲ್ಲಿ ಕೇಳಿದಳು.

"ಓದಿದ್ದೇನೆ."

"ಯಾವ ಪುಸ್ತಕ?"

ಅವನು ಕಿಟಕಿಯ ಕಡೆ ನೋಡಿದ. "ಬೇಕಾದರೆ ಹುಟ್ಟು ಹಾಕಿ ತೋರಿಸುತ್ತೇನೆ."

ಅವಳಿಗೆ ಖುಷಿಯಾಯಿತು. ಹಗ್ಗ ಬಿಚ್ಚಿದಳು. ಓಬಳೇಶ ಬೂಟು ಕಳಚಿ ಒಳಗಿಳಿದು ನಟ್ಟನಡುವೆ ಕೂತ. ಅಪ್ಪ ಎಷ್ಟು ಕರೆದರೂ ಅವನು ಒಂದು ದಿನವೂ ಹುಟ್ಟು ಹಿಡಿದವನಲ್ಲ.

"ಅಯ್ಯ, ನಡುವ ಕುಂತ್ರ ಗಿರಗಿರ ಸುತ್ತತೈತ್ರಿ!" ವೀರಭದ್ರಯ್ಯ ನಕ್ಕ. "ಮುಂದ ಬಂದು ಮೊಣಕಾಲೂರ್ರಿ. ಮಾಗಳದಾಗ ಬೊಮ್ಮಪ್ಪ ಅಂತ ಅಂಬಿಗ ಇದ್ದ, ಹಂಗ ಕುಂದ್ರತಿದ್ದ. ನಮ್ಮ ತಂಗಿ ಹುಟ್ಟೂ ದಿನ ಹೊಳಿ ತುಂಬಿ ಹರಿಯಾಕತ್ತಿತ್ತು. ಯಾರೂ ಬರವಲ್ರು. ಅವನೊಬ್ಬ ಬಂದು ನಮ್ಮವ್ವನ್ನ ದಾಟ್ಸಿದ. ಇವತ್ತಿಗೂ ನಮ್ಮವ್ವ ಅವನ ಹೆಸರು ಹೇಳಿ ಕೈ ಮುಗೀತಾಳ. ನಿಮಗ ಗೊತ್ತಿದ್ನೇನ್ರಿ ಅಂವ?"

ಓಬಳೇಶ ಅಂಚಿನ ಗಂಟಿನ ಮೇಲೆ ಬೆರಳಿಟ್ಟ. ಈಗ ಹೇಳಬಹುದಿತ್ತು. ಹೇಳಿದರೆ ವೀರಭದ್ರಯ್ಯನೇ ಓಡಿಬಂದು ಅಪ್ಪಿಕೊಳ್ಳುತ್ತಿದ್ದ.

"ಇಲ್ಲ," ಎಂದ.

ವೀರಭದ್ರಯ್ಯ ಅದೇ ಕಥೆಯನ್ನು ಹೆಂಗಸಿಗೂ ಇಂಗ್ಲಿಷಿನಲ್ಲಿ ಹೇಳಿ, ತುಂಗಭದ್ರೆಯ ಆ ಹರಿಗೋಲೂ ಥೇಟ್ ಹೀಗೇ ಇತ್ತು ಎಂದ. ಅವಳು ತಲೆದೂಗಿ, ಚೀಟಿಯಲ್ಲಿ ಇರಾಕ್ ಹೊಡೆದುಹಾಕಿ ತುಂಗಭದ್ರಾ ಎಂದು ಬರೆದಳು. ಓಬಳೇಶ ಗೆದ್ದಿದ್ದ.

"ಕಟ್ಟಿದವರ ಹೆಸರು?" ಅವಳ ಪೆನ್ನು ಕಾಯುತ್ತಿತ್ತು.

ಓಬಳೇಶ ಮುಂದೆ ಸರಿದು, ಮೊಣಕಾಲೂರಿ, ಹರಿಗೋಲಿನೊಳಗೇ ಇಟ್ಟಿದ್ದ ಹುಟ್ಟು ಎತ್ತಿಕೊಂಡ. ನುಣುಪು ಕಲ್ಲಿನ ನೆಲಕ್ಕೆ ಒತ್ತಿ ಎಳೆದ. ಹರಿಗೋಲು ಕಿರ್ರೆಂದು ನಿಂತಲ್ಲೇ ತಿರುಗಿತು. ಕಿಟಕಿಯಾಚೆಯ ಸಮುದ್ರ ಬಂತು, ವೀರಭದ್ರಯ್ಯನ ಮುಖ ಬಂತು, ಪೆನ್ನು ಬಂತು; ಮತ್ತೆ ಸಮುದ್ರ.

"ಹೆಸರು?" ಅವಳು ಮತ್ತೆ ಕೇಳಿದಳು.

ಅವನು ಹಲ್ಲು ಕಚ್ಚಿ ಇನ್ನೂ ಜೋರಾಗಿ ಹುಟ್ಟು ಹಾಕಿದ.