ಹೆಬ್ಬೆರಳಿನಿಂದ ಒರೆಸಿದ ಎರಡು ಚುಕ್ಕೆ

ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಹುಡುಗ ಹಲಗೆಯ ಮೇಲೆ ಮೂರನೇ ಚುಕ್ಕೆ ಇಟ್ಟ. ಸೀಮೆಸುಣ್ಣ ಕಿರ್ರೆಂದಿತು, ಪ್ರೆಬೆನ್‌ನ ಹೆಬ್ಬೆರಳು ಮೇಜಿನ ಹಸಿರು ಬಟ್ಟೆಯನ್ನು ತಾನಾಗಿಯೇ ಉಜ್ಜತೊಡಗಿತು — ಪ್ರತಿ ಜೂನ್‌ನಲ್ಲಿ ಮೌಖಿಕ ಪರೀಕ್ಷೆಗೆ ಹಾಸುವ ಬಟ್ಟೆ, ಕಾಫಿ ಕಲೆ ಕೂಡ ಹಳೆಯದೇ ಇರಬೇಕು, ಬದಲಾಗಿರುವುದು ಪಕ್ಕದ ಕುರ್ಚಿ ಮಾತ್ರ, ಅಲ್ಲಿ ಹೊರಗಿನ ಪರೀಕ್ಷಕಿಯಾಗಿ ವಿಬೆಕೆ ಕೂತಿದ್ದಾಳೆ, ಇಪ್ಪತ್ತಮೂರು ವರ್ಷದ ಹಿಂದೆ ಇದೇ ಹಲಗೆಯ ಮುಂದೆ ನಿಂತಿದ್ದ ವಿಬೆಕೆ, ತಾನು ಫೇಲು ಮಾಡಿದ ವಿಬೆಕೆ. ಚೀಟಿ ಎತ್ತಿದ ಹುಡುಗನಿಗೂ ಅದೇ ಏಳನೇ ಪ್ರಶ್ನೆಯೇ ಬರಬೇಕೇ, ಒಂದು ಬ್ಯಾಟರಿ, ಒಂದು ರೆಸಿಸ್ಟರ್, ಒಂದು ಟನಲ್ ಡಯೋಡ್, ಅಷ್ಟೇ, ಡಯೋಡಿನ ರೇಖೆ ಏರಿ, ಇಳಿದು, ಮತ್ತೆ ಏರುತ್ತದೆ, ರೆಸಿಸ್ಟರಿನ ಸರಳರೇಖೆ ಅದನ್ನು ಮೂರು ಕಡೆ ಕತ್ತರಿಸುತ್ತದೆ, ಕತ್ತರಿಸಿದ ಕಡೆಯೆಲ್ಲ ಒಂದು ಉತ್ತರ, ಒಂದು ಚುಕ್ಕೆ, ಅಂದು ಅವಳೂ ಮೂರು ಚುಕ್ಕೆ ಇಟ್ಟಿದ್ದಳು. ಒಂದು ಸರ್ಕ್ಯೂಟಿಗೆ ಒಂದೇ ಉತ್ತರ ಕಣಮ್ಮ, ಮೂರೇನು, ಸಂತೇಲಿ ಆರಿಸಿಕೊಳ್ಳೋದಾ — ಹಾಗಂದಿದ್ದ ತಾನು, ಮೂವತ್ತೊಂದರ ವಯಸ್ಸಿನ ಹಮ್ಮು, ಆರು ವರ್ಷ ರೇಖೀಯ ಸರ್ಕ್ಯೂಟುಗಳನ್ನೇ ಪಾಠ ಮಾಡಿದ ಅಭ್ಯಾಸ, ಅಲ್ಲಿ ಉತ್ತರ ಒಂದೇ, ಅದೇ ಬಾಯಿಗೆ ಬಂತು, ಅಂದಿನ ಮುದುಕ ಪರೀಕ್ಷಕ ಹೊಟ್ಟೆ ಕುಲುಕಿಸಿ ನಕ್ಕ, ಆ ನಗು ಹಿತವಾಗಿತ್ತು. ಅವಳು ಮೆಲ್ಲಗೆ, ಎಲ್ಲಿಂದ ಬಂತು ಅನ್ನೋದರ ಮೇಲಿರತ್ತೆ, ಪ್ರೆಬೆನ್, ವೋಲ್ಟೇಜ್ ಏರಿಸ್ತಾ ಬಂದ್ರೆ ಒಂದು ಚುಕ್ಕೇಲಿ ನಿಲ್ಲತ್ತೆ, ಇಳಿಸ್ತಾ ಬಂದ್ರೆ ಇನ್ನೊಂದರಲ್ಲಿ, ನಡುವಿನದರಲ್ಲಿ ನಿಲ್ಲೋದೇ ಇಲ್ಲ — ಅವಳದೇ ಸರಿ ಅನ್ನೋದು ಆಮೇಲೆ ಲ್ಯಾಬಿನಲ್ಲಿ ಅಳೆದು ನೋಡಿದಾಗ ತಿಳಿಯಿತು ಎಂದು ಹೆಂಡತಿಗೆ ಹೇಳಿದ್ದುಂಟು, ಸುಳ್ಳು, ತಿಳಿದದ್ದು ಅಲ್ಲೇ, ಇಳಿಸ್ತಾ ಎಂಬ ಮಾತು ಕಿವಿಗೆ ಬಿದ್ದಾಗಲೇ, ತಿಳಿದ ಮೇಲೆಯೇ ಎದ್ದು ಹೋಗಿ ಹೆಬ್ಬೆರಳಿನಿಂದ ಎರಡು ಚುಕ್ಕೆ ಒರೆಸಿದ್ದು. ಮೂರು ಅಂಕ, ಅಂದಿನ ಲೆಕ್ಕದಲ್ಲಿ ಪಾಸಾಗಲು ಆರು ಬೇಕಿತ್ತು. ಸೆಪ್ಟೆಂಬರಿನಲ್ಲಿ ಶ್ರವಣಯಂತ್ರದ ಕಾರ್ಖಾನೆಗೆ ಸೇರಬೇಕಿದ್ದವಳು, ಕೆಲಸ ಹೋಯಿತು, ಚಳಿಗಾಲದಲ್ಲಿ ಮತ್ತೆ ಪರೀಕ್ಷೆ ಕಟ್ಟಿದಳು, ಅವಳು ಕಾರಿಡಾರಿನಲ್ಲಿ ಎದುರಾದರೆ ತಾನು ಜೆರಾಕ್ಸ್ ಕೋಣೆಗೆ ನುಗ್ಗುತ್ತಿದ್ದ, ಕೈಯಲ್ಲಿ ಒಂದು ಹಾಳೆಯೂ ಇರುತ್ತಿರಲಿಲ್ಲ.

ಹುಡುಗ ಹೊರಗೆ ಹೋಗಿದ್ದಾನೆ, ಅಂಕ ತೀರ್ಮಾನಿಸಲು ಇಬ್ಬರೇ, ಬಾಗಿಲು ಮುಚ್ಚಿದೆ. ವಿಬೆಕೆ ಪೆನ್ನಿನ ಮುಚ್ಚಳ ತೆಗೆದು, ಮೂರೂ ಸರಿ ತಾನೇ ಪ್ರೆಬೆನ್? ಸರಿ. ಈಗ ಹೇಳದಿದ್ದರೆ ಎಂದಿಗೂ ಇಲ್ಲ, ಹೇಳಿದರೆ ಏನೆಂದಾಳು, ಅಯ್ಯೋ ಅದನ್ನೇನು ಈಗ ಎಂದಾಳು, ತಪ್ಪು ಎಲ್ಲರಿಗೂ ಆಗತ್ತೆ ಎಂದಾಳು — ಅವತ್ತೂ ಮೂರೂ ಸರಿ ಇತ್ತು, ಅಂದುಬಿಟ್ಟ. ಅವಳು ತಲೆ ಎತ್ತಲಿಲ್ಲ, ಗೊತ್ತು, ನಿಂಗೂ ಗೊತ್ತಾಗಿತ್ತು, ಒರೆಸೋವಾಗ ಕಿವಿ ಕೆಂಪಾಗಿತ್ತು ನಿಂದು, ಈಗ ಮೊದಲು ಆ ಹುಡುಗನ ಅಂಕ ಹೇಳು ಮಾರಾಯ, ಹೊರಗೆ ಉಗುರು ಕಚ್ತಾ ನಿಂತಿರ್ತಾನೆ. ಹಾಗಾದರೆ ಇಷ್ಟು ವರ್ಷವೂ, ತಪ್ಪು ಎಂದಲ್ಲ, ತಿಳಿದೇ ಮಾಡಿದ ಎಂದೇ, ಅವಳ ಕಣ್ಣಿನಲ್ಲಿ ತಾನು — ಹೆಬ್ಬೆರಳು, ಅದರ ಮೇಲೆ ಬಿಳಿ ಪುಡಿ, ಎರಡು ಚುಕ್ಕೆ, ಹೆಬ್ಬೆರಳು —

ಹತ್ತು ಮೂವತ್ತೈದಕ್ಕೆ ಹುಡುಗನನ್ನು ಒಳಗೆ ಕರೆದರು. ಹನ್ನೆರಡು, ಈಗಿನ ಲೆಕ್ಕದಲ್ಲಿ ಅದಕ್ಕಿಂತ ಮೇಲಿನ ಅಂಕವಿಲ್ಲ. ಮುಂದಿನವರಿಗಾಗಿ ಹಲಗೆ ಒರೆಸಿದ್ದು ವಿಬೆಕೆ, ಡಸ್ಟರಿನಿಂದ.