ಎಡಗಡೆಯ ಚುಕ್ಕೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಯಾರಾದರೂ ನನ್ನ ಯಂತ್ರದ ಮೇಲೆ ಅನುಮಾನಪಟ್ಟರಂತೂ ಮುಗಿದೇ ಹೋಯಿತು. ಆ ದಿನ ಅನುಮಾನಪಟ್ಟವನು ಜವರಿ, ದುಬಾರೆಯಿಂದಾಚೆ ನಮ್ಮ ಸಣ್ಣ ಆನೆ ಶಿಬಿರದ ಮಾವುತ. ಆನೆಗಳ ಕೊರಳಿನ ರೇಡಿಯೋ ಪಟ್ಟಿ ನೋಡಿಕೊಳ್ಳುವವಳು ನಾನು.

ಅವನ ಆನೆ ಚಿನ್ನ ಮೇಯಲು ಹೋದವಳು ಎರಡು ದಿನವಾದರೂ ಮರಳಿರಲಿಲ್ಲ. ಹೆಜ್ಜೆ ಗುರುತು ಮಳೆಗೆ ತೊಳೆದುಹೋಗಿತ್ತು. ಪಟ್ಟಿಯ ರೇಡಿಯೋ ಮಾತ್ರ ಕ್ಷೀಣವಾಗಿ ಮಿಡಿಯುತ್ತಿತ್ತು, ಅದೂ ಒಂದೇ ಜಾಗದಿಂದ. ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾಳೆ ಎಂದು ಎಲ್ಲರಿಗೂ ಗೊತ್ತಾಯಿತು.

ಜೀಪಿಗೆ ಆಂಟೆನಾ ಕಟ್ಟಿ ನೇರ ರಸ್ತೆಯಲ್ಲಿ ಒಂದು ಕಿಲೋಮೀಟರ್ ಓಡಿಸಿದೆವು. ನಾವು ಯಾವ ಸಿಗ್ನಲನ್ನೂ ಕಳಿಸುವುದಿಲ್ಲ, ಪಟ್ಟಿಯದನ್ನು ಬರೀ ಕೇಳಿಸಿಕೊಳ್ಳುವುದು. ದಾರಿಯುದ್ದಕ್ಕೂ ಕೇಳಿದ್ದನ್ನೆಲ್ಲ ಲ್ಯಾಪ್‌ಟಾಪ್ ಒಟ್ಟು ಸೇರಿಸಿದರೆ ಮೊಳದುದ್ದದ ಆಂಟೆನಾ ಕಿಲೋಮೀಟರ್ ಉದ್ದದ ಆಂಟೆನಾದಷ್ಟು ಚುರುಕಾಗುತ್ತದೆ. ಸಿಗ್ನಲ್ ಎಲ್ಲಿಂದ ಬಂತೆಂದು ನಕ್ಷೆಯ ಮೇಲೆ ಚುಕ್ಕೆ ಬೀಳುತ್ತದೆ. ಒಂದೇ ತೊಡಕು. ನೇರ ರಸ್ತೆಯಲ್ಲಿ ಹೋದರೆ ಎಡ ಬಲ ತಿಳಿಯದೆ ಎರಡೂ ಕಡೆ ಒಂದೊಂದು ಚುಕ್ಕೆ ಬೀಳುತ್ತದೆ. ನಿಜವಾದದ್ದು ಯಾವುದೆಂದು ನೋಡಲು ತಿರುವಿರುವ ದಾರಿಯಲ್ಲಿ ಇನ್ನೊಮ್ಮೆ ಹೋಗಬೇಕು.

ನಾನು ಹೋಗಲಿಲ್ಲ. ಬಲಕ್ಕೆ ಕಾಡು, ಎಡಕ್ಕೆ ಶುಂಠಿ ಹೊಲ. ಆನೆ ಕಾಡಲ್ಲಿರದೆ ಇನ್ನೆಲ್ಲಿರುತ್ತದೆ ಅಂದುಕೊಂಡೆ. ಅರಣ್ಯ ಇಲಾಖೆಯ ಅಧಿಕಾರಿಗಳ ಮುಂದೆ ಎರಡು ಚುಕ್ಕೆ ತೋರಿಸಿ ಪೆಚ್ಚಾಗುವುದು ಬೇಡವೆಂದು ಎಡಗಡೆಯದನ್ನು ಅಳಿಸಿಯೂಬಿಟ್ಟೆ.

"ಮೇಡಂ, ಶುಂಠಿ ಹೊಲದ್ ಕಡೀಕ್ ಒಂದ್ಸಲ ನೋಡಾಣ್ವಾ? ಅಲ್ಲೊಂದು ಹೊಂಡ ಅದೆ," ಅಂದ ಜವರಿ.

"ಯಂತ್ರ ಹೇಳ್ತಿರೋದು ಕಣ್ಣಿಗೆ ಕಾಣ್ತಿಲ್ವಾ? ಸುಮ್ನೆ ನಡೀರಿ!" ಎಂದು ರೇಗಿದೆ. ಅವನು ತಲೆ ತಗ್ಗಿಸಿ ನನ್ನ ಹಿಂದೆಯೇ ಬಂದ.

ಸಂಜೆಯವರೆಗೆ ಕಾಡನ್ನು ಜಾಲಾಡಿದೆವು. ಮಳೆಗೆ ತನ್ನ ಶುಂಠಿ ಹೊಲದ ಕಡೆ ತಲೆ ಹಾಕದಿದ್ದ ರೈತ ನಾಗರಾಜು ಮರುದಿನ ಬೆಳಿಗ್ಗೆ ಅಲ್ಲಿಗೆ ಹೋಗಿ ಫೋನ್ ಮಾಡಿದ. ಚಿನ್ನ ಅವನ ಹೊಂಡದ ಕೆಸರಿನಲ್ಲಿ ಹೂತು ಸತ್ತಿದ್ದಳು. ಬೆಳಗಿನ ಜಾವದವರೆಗೂ ಜೀವ ಇತ್ತು ಅಂದರು ಡಾಕ್ಟರು.

ಜವರಿ ಅವಳ ಕಿವಿ ಸವರುತ್ತ ಕೆಸರಲ್ಲೇ ಕೂತಿದ್ದ. "ಯಂತ್ರ ಸುಳ್ ಹೇಳ್ತಾ ಮೇಡಂ?" ಎಂದು ಕೇಳಿದ.

ಹೌದು ಅಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಯ್ಯೋ, ಆ ಮುಖ ನೋಡಿ ಹೇಗೆ ಹೇಳಲಿ! "ಇಲ್ಲ ಜವರಿ. ಅದು ಎರಡೂ ಕಡೆ ತೋರಿಸಿತ್ತು. ಒಂದನ್ನ ನಾನೇ ಅಳಿಸಿದೆ."

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಎರಡೂ ನಂಗ್ ತೋರ್ಸಿದ್ರೆ, ನೀವ್ ಒಂದ್ ಕಡೀಕ್ ಹೋಗ್ತಿದ್ರಿ, ನಾನ್ ಒಂದ್ ಕಡೀಕ್ ಹೋಗ್ತಿದ್ನಲ್ಲವ್ವಾ," ಅಂದ.